ಗಿಡದ ಆಯುಸ್ಸು, ಹಿತ್ತಿಲ ಲೆಕ್ಕ

ಭೀಮಾ ತೀರದ ಸನ್ನತಿಗೆ ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಬೌದ್ಧ ಸ್ತೂಪವೊಂದು ಬೆಳಕಿಗೆ ಬಂತು. ಅದರ ಶಿಲಾಫಲಕಗಳಲ್ಲಿ ಬೋಧಿವೃಕ್ಷವಾದ ಅರಳಿಯೂ ಇದೆ, ಕಮಲವೂ ಇದೆ. ಒಂದು ನೆಲದ ಮರ, ಇನ್ನೊಂದು ನೀರಿನ ಹೂ. ಆದರೂ ಆಯುಸ್ಸಿನ ಲೆಕ್ಕದಲ್ಲಿ ಎರಡೂ ಬಹುವಾರ್ಷಿಕಗಳೇ. ಅರಳಿ ನೂರಾರು ವರ್ಷ ನಿಲ್ಲುತ್ತದೆ. ಕಮಲದ ಎಲೆ ಒಣಗಿದರೂ ಕೆಸರಿನೊಳಗಿನ ಗೆಡ್ಡೆ ಮತ್ತೆ ಚಿಗುರುತ್ತದೆ.

ಹಿತ್ತಿಲ ಗಿಡಗಳನ್ನೂ ಹೀಗೆಯೇ ಮೂರು ಬಗೆಯಾಗಿ ವಿಂಗಡಿಸಬಹುದು. ಚೆಂಡುಹೂವು ಏಕವಾರ್ಷಿಕ, ಒಂದೇ ಹಂಗಾಮಿನಲ್ಲಿ ಹೂಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. ಉಳ್ಳಾಗಡ್ಡಿ ದ್ವೈವಾರ್ಷಿಕ, ಮೊದಲು ಗಡ್ಡೆ ಕಟ್ಟಿ, ಮುಂದಿನ ವರ್ಷ ಹೂ ತಳೆಯುತ್ತದೆ. ಗಡ್ಡೆಯನ್ನೇ ಕಿತ್ತು ತಿನ್ನುವ ನಮಗೆ ಆ ಹೂ ಕಾಣುವುದು ಅಪರೂಪ. ದಾಸವಾಳ, ಮಲ್ಲಿಗೆ, ಕಣಗಿಲೆ ಬಹುವಾರ್ಷಿಕಗಳು.

ಬೇಸಿಗೆಯಲ್ಲಿ ಎರೆಭೂಮಿ ಬಿರಿಯುವ ಈ ಸೀಮೆಯಲ್ಲಿ ಇದು ಬರೀ ಪುಸ್ತಕದ ಮಾತಲ್ಲ, ನೀರಿನ ಪ್ರಶ್ನೆ. ಬೀಜ ಬಲಿತ ಚೆಂಡುಹೂವಿಗೆ ಕೊಡ ನೀರು ಸುರಿದರೂ ಫಲವಿಲ್ಲ; ಬೀಜ ಕಾಪಿಟ್ಟು, ಆ ನೀರನ್ನು ಎಳೆಯ ಮಲ್ಲಿಗೆಗೆ ಹಾಕಿ. ಬೇರೂರಿದ ಕಣಗಿಲೆ ಕಡಿಮೆ ನೀರಿನಲ್ಲೂ ಬದುಕುತ್ತದೆ. ಆದರೆ ಅದು ವಿಷ; ಮಕ್ಕಳು, ದನಕರು ಇರುವಲ್ಲಿ ಬೇಡ. ಅರಳಿಯನ್ನು ಮನೆಗೋಡೆಯ ಬಳಿ ನೆಟ್ಟರೆ ಬೇರು ಗೋಡೆಯನ್ನೇ ಸೀಳೀತು. ಅದರ ದೀರ್ಘಾಯುಸ್ಸಿಗೆ ಊರ ಕಟ್ಟೆಯೇ ತಕ್ಕ ಜಾಗ.