ಗಜನಿಗೆ ಉಬ್ಬರದ ನೀರು

ಕೆಂಗೇರಿಯ ಬಳಿ ವೃಷಭಾವತಿಯು ಒಂದೇ ದಿಕ್ಕಿಗೆ ಹರಿದುಹೋಗುವುದನ್ನು ಕಂಡವರಿಗೆ, ಹಗಲಿರುಳಿನಲ್ಲಿ ಎರಡಾವರ್ತಿ ಹಿಂದಿರುಗಿ ಮೇಲಕ್ಕೇರುವ ಹೊಳೆಯೊಂದರ ಸ್ವಭಾವವು ತಟ್ಟನೆ ಮನಸ್ಸಿಗೆ ಹತ್ತುವುದಿಲ್ಲ. ಕುಮಟಾ ತಾಲ್ಲೂಕಿನ ತದಡಿಯ ಬಳಿ ಕಡಲನ್ನು ಸೇರುವ ಅಘನಾಶಿನಿಯು ಅಂಥ ಹೊಳೆ. ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ಅದರ ಅಳಿವೆಯೊಳಕ್ಕೆ ಉಬ್ಬರವು ಏರಿ ಬಂದು, ಇಳಿತದೊಡನೆ ಮರಳುತ್ತದೆ.

ಈ ಅಳಿವೆಯ ಜೌಗು ನೆಲಕ್ಕೆ ಮಣ್ಣಿನ ಒಡ್ಡು ಹಾಕಿ ಹಿಂದಿನವರು ಮಾಡಿಕೊಂಡ ಗದ್ದೆಗಳೇ ಗಜನಿಗಳು. ಮುಂಗಾರಿನ ಮಳೆಯು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗವೆಂಬ, ಉಪ್ಪನ್ನೂ ನೆರೆಯನ್ನೂ ಸಹಿಸಬಲ್ಲ ಎತ್ತರದ ಭತ್ತವನ್ನು ಬಿತ್ತುವರು. ಕೊಯ್ಲಾದ ತರುವಾಯ ತೂಬಿನ ಹಲಗೆಯೆತ್ತಿ ಉಪ್ಪುನೀರನ್ನು ಬಿಟ್ಟುಕೊಂಡರೆ, ಕೊಳೆತ ಕೂಳೆಯೇ ಅದರೊಡನೆ ಬಂದ ಸಿಗಡಿ, ಮೀನುಗಳಿಗೆ ಆಹಾರಕ್ಕೆ ಆಧಾರವಾಗುವುದು. ಸಮುದ್ರವನ್ನು ಸೋಲಿಸುವುದಲ್ಲ, ಅದಕ್ಕೆ ವೇಳಾಪಟ್ಟಿ ಹಾಕಿಕೊಡುವುದು ಈ ಕೃಷಿಯ ಜಾಣ್ಮೆಯೆಂದು ನನ್ನ ಅಭಿಪ್ರಾಯ. 1970ರ ದಶಕದಲ್ಲಿ ಸರ್ಕಾರವು ಕಟ್ಟಿಸಿದ ಶಾಶ್ವತ ಒಡ್ಡುಗಳು ಆ ವೇಳಾಪಟ್ಟಿಯ ರೂಪವನ್ನು ಬದಲಿಸಿದವು. ಮುಂದೆ ಸಿಗಡಿಯ ಲಾಭವು ಭತ್ತವನ್ನು ಹಿಂದಕ್ಕೆ ತಳ್ಳಿತು.

ಉಬ್ಬರವನ್ನು ಪೂರ್ಣವಾಗಿ ತಡೆದರೆ ಏನಾಗುವುದೆಂಬುದು ರಸಾಯನಶಾಸ್ತ್ರದ ವಿಷಯ. ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಮರಗಳ ಬುಡದ ಕಪ್ಪು ಕೆಸರಿನಲ್ಲಿ ಕಬ್ಬಿಣವೂ ಗಂಧಕವೂ ಕೂಡಿದ ಪೈರೈಟ್ ಎಂಬ ಖನಿಜವಿರುವುದುಂಟು. ನೀರು ಮುಚ್ಚಿರುವವರೆಗೆ ನಿರಪಾಯವಾಗಿರುವ ಅದು, ನೆಲ ಒಣಗಿ ಗಾಳಿ ಸೋಕಿದೊಡನೆ ಗಂಧಕಾಮ್ಲವನ್ನು ಹುಟ್ಟಿಸಿ ಮಣ್ಣನ್ನು ಹುಳಿಯಾಗಿಸುತ್ತದೆ. ಜತೆಗೆ ಶತಮಾನಗಳ ಸಸ್ಯಶೇಷವು ಕೊಳೆತು ಇಂಗಾಲದ ಡೈಆಕ್ಸೈಡಾಗಿ ಹೊರಟುಹೋಗಿ, ಹೂಳು ತರುವ ಉಬ್ಬರವೂ ಇಲ್ಲವಾಗಿ, ನೆಲವು ಕುಸಿಯುತ್ತದೆ. ಆದುದರಿಂದ ಜೌಗಿನ ಪುನರುದ್ಧಾರವೆಂದರೆ ಮೊದಲಿಗೆ ಗಿಡ ನೆಡುವುದಲ್ಲ. ತೂಬನ್ನು ಅಗಲಿಸಿ, ಮುಚ್ಚಿಹೋದ ತೋಡುಗಳನ್ನು ತೆರೆದು, ನೀರಿಗೆ ಒಳಬರುವಷ್ಟೇ ಹೊರಹೋಗುವ ದಾರಿಯನ್ನೂ ಕೊಡುವುದು. ಹೊರಹೋಗದ ಉಪ್ಪುನೀರು ನಿಂತಲ್ಲಿ ಬೇರುಗಳಿಗೆ ಪ್ರಾಣವಾಯು ಸಿಗದೆ ಕಾಂಡ್ಲವೂ ಸಾಯುತ್ತದೆ. ಹರಿವು ಸರಿಯಾದಲ್ಲಿಯಾದರೋ ಬೀಜಗಳನ್ನು ನೀರೇ ಹೊತ್ತುತರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ 2003ರಲ್ಲಿ ಸರ್ಕಾರಗಳು ಕೊಂಡ 15,000 ಎಕರೆಗೂ ಮಿಕ್ಕ ಉಪ್ಪಿನಾಗರಗಳಲ್ಲಿ ಅನೇಕವನ್ನು, ಒಡ್ಡನ್ನು ಅಲ್ಲಲ್ಲಿ ಕಡಿದು ಉಬ್ಬರಕ್ಕೆ ಒಪ್ಪಿಸಿದ್ದು ಇದೇ ತತ್ತ್ವದಿಂದ.

ಅಘನಾಶಿನಿಯ ಅಳಿವೆಯು 2024ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಆದರೆ ಇಲ್ಲಿಯ ಪುನರುದ್ಧಾರದ ತೊಡಕು ಅಮೆರಿಕದಂಥದಲ್ಲ. ಅಲ್ಲಿ ಭೂಮಿಯ ಒಡೆತನ ಸರ್ಕಾರದ್ದು. ಇಲ್ಲಿ ಒಂದೇ ಗಜನಿಗೆ ಹಲವು ಒಡೆಯರು, ಅವರಲ್ಲಿ ಭತ್ತದವನಿಗೆ ಮಳೆಗಾಲದ ಉಪ್ಪುನೀರು ಹೊರಗುಳಿಯಬೇಕು, ಸಿಗಡಿಯ ಗುತ್ತಿಗೆದಾರನಿಗೆ ಅದೇ ನೀರು ಒಳಗೆ ನಿಲ್ಲಬೇಕು, ತೂಬಿನ ಹಲಗೆಯೋ ಇಬ್ಬರಿಗೂ ಒಂದೇ.