ಹುದ್ದೆಯ ಹೆಸರು ಬದಲಾಯಿತು, ಆ ಮನುಷ್ಯರ ಕಥೆ?

ಪದವಿ ಮೇಲೆ ಸಾಮಾನ್ಯವಾಗಿ 2 ವರ್ಷ ಓದಿ, ಡಾಕ್ಟರ ಕೈಕೆಳಗೆ ದುಡಿಯುವವರನ್ನು ಇಂಗ್ಲೆಂಡಿನಲ್ಲಿ ‘ಫಿಸಿಷಿಯನ್ ಅಸೋಸಿಯೇಟ್’ ಅನ್ನುತ್ತಿದ್ದರು. 2025ರ ಜುಲೈನಲ್ಲಿ ಬಂದ ಲೆಂಗ್ ವರದಿ ಅವರನ್ನು ‘ಅಸಿಸ್ಟೆಂಟ್’ ಎಂದು ಕರೆಯಿರಿ ಎಂದಿತು. ಕಾಯಿಲೆ ಏನೆಂದು ಇನ್ನೂ ಗೊತ್ತಾಗದ ರೋಗಿಗಳನ್ನು, ನಿಗದಿತ ಸಂದರ್ಭ ಬಿಟ್ಟರೆ, ಅವರು ನೋಡಬಾರದು ಎಂದೂ ಹೇಳಿತು. ಸರ್ಕಾರ ಒಪ್ಪಿತು. ಇಲ್ಲಿ ಡಾಕ್ಟರಾಗಿರುವ ನಾನೂ ಒಪ್ಪುತ್ತೇನೆ. ಎದುರಿಗಿರುವವರು ಡಾಕ್ಟರೋ ಅಲ್ಲವೋ ಅನ್ನೋದು ರೋಗಿಗೆ ಗೊತ್ತಿರಲೇಬೇಕು.

ಆದರೆ ಆ ಹುದ್ದೆ ಸೃಷ್ಟಿಸಿದವರು ಅವರಲ್ಲವಲ್ಲ! ನಮ್ಮ ವಾರ್ಡಿನ ಸಹೋದ್ಯೋಗಿಯೊಬ್ಬಳು ಕೇಳಿದಳು: “ಹಾಗಾದ್ರೆ ಇಷ್ಟು ದಿನ ನಾನು ಮಾಡಿದ್ದು ತಪ್ಪಾ?” ಅವಳಿಗೆ ಧ್ಯಾನದ ಆ್ಯಪ್ ತೋರಿಸಿದರೆ ಏನು ಬಂತು? ಯಾವ ಕೆಲಸ ಮಾಡಬಹುದು ಅನ್ನೋದನ್ನ ಬರೆದು ಕೊಡಬೇಕು. ಪ್ರತಿಯೊಬ್ಬರಿಗೂ ಹೊಣೆ ಹೊರುವ ಒಬ್ಬ ಡಾಕ್ಟರ್ ಇರಬೇಕು ಅಂತ ವರದಿಯೇ ಹೇಳಿದೆ. ಆ ಡಾಕ್ಟರಿಗೆ ಅದಕ್ಕೆಂದೇ ಡ್ಯೂಟಿಯಲ್ಲಿ ಸಮಯವನ್ನೂ ಕೊಡಬೇಕು.