ರಾತ್ರಿಗೊಂದು ಆನೆ ತೂಕದ ಗಾಳಿ

ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಮಲಗುವ ಕೋಣೆಯ ಏಸಿ ಗಂಟೆಗೆ ಒಂದೆರಡು ಲೀಟರ್ ನೀರನ್ನು ಬರೀ ಗಾಳಿಯಿಂದ ಹಿಂಡಿ ತೆಗೆಯುತ್ತದೆ. ಎಂಟು ಗಂಟೆಯ ನಿದ್ದೆಗೆ ಸುಮಾರು 12 ಲೀಟರ್! ಅಂಥ ನೂರು ರಾತ್ರಿ ಕಳೆದರೆ ತಾರಸಿಯ ಮೇಲಿನ 1,000 ಲೀಟರ್ ಟ್ಯಾಂಕ್ ತುಂಬಿ ಚೆಲ್ಲುತ್ತದೆ. ಇಷ್ಟೂ ನೀರು ಹನಿಹನಿಯಾಗಿ ಇಳಿಯುವುದು ಬೆಳಕು ಕಾಣದ, ಧೂಳು ಮೆತ್ತಿದ, ಗಾಳಿ ತಣಿಸುವ ಕಾಯಿಲ್ ಮೇಲೆ. ಬೂಸ್ಟಿಗೆ ಇನ್ನೇನು ಬೇಕು?

ಗಾಳಿಯ ಲೆಕ್ಕ ಇನ್ನೂ ದೊಡ್ಡದು. ಒಂದು ಟನ್ನಿನ ಏಸಿ ಗಂಟೆಗೆ ಸುಮಾರು 600 ಘನ ಮೀಟರ್ ಗಾಳಿಯನ್ನು ಎಳೆದು ಊದುತ್ತದೆ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆ ಹಿಡಿಯುವುದು 34 ಘನ ಮೀಟರ್ ಮಾತ್ರ. ಅಂದರೆ ಬೆಳಗಾಗುವಷ್ಟರಲ್ಲಿ ಇಡೀ ಕೋಣೆಯ ಗಾಳಿ ಆ ಒದ್ದೆ ಕಾಯಿಲನ್ನು 140 ಸಲ ಸವರಿ ಬಂದಿರುತ್ತದೆ! ಹಾದುಹೋದ ಗಾಳಿಯನ್ನೆಲ್ಲ ತೂಗಿದರೆ ಐದೂವರೆ ಟನ್. ಮೈಸೂರು ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ ಅಭಿಮನ್ಯುವಿನಷ್ಟೇ ಭಾರ.

ಆ ಗಾಳಿಯಲ್ಲಿ ತೇಲುವ ಬೂಸ್ಟಿನ ಬೀಜಕಣ ಎಷ್ಟು ಸಣ್ಣದು ಗೊತ್ತೆ? ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಬೂಸ್ಟಿನದು 2ರಿಂದ 3 ಮೈಕ್ರಾನ್. ಒಂದು ಮಿಲಿಮೀಟರಿನ ರಾಗಿ ಕಾಳಿನಷ್ಟು ಗಾತ್ರವಾಗಲು ಇಂಥವು 6 ಕೋಟಿಗೂ ಹೆಚ್ಚು ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕವೇ ಇದ್ದದ್ದು 6.11 ಕೋಟಿ!

ಏಸಿ ಇರಲಿ, ಇಲ್ಲದಿರಲಿ, ನಾವೆಲ್ಲ ದಿನವೂ ಈ ಬೂಸ್ಟಿನ ನೂರಾರು ಬೀಜಕಣಗಳನ್ನು ಉಸಿರಿನೊಂದಿಗೆ ಎಳೆದುಕೊಳ್ಳುತ್ತೇವೆ. ಆರೋಗ್ಯವಂತರಿಗೆ ಗೊತ್ತೂ ಆಗುವುದಿಲ್ಲ. ಆಸ್ತಮಾ ಇರುವವರಲ್ಲಿ ಹಲವರ ಪಾಡು ಬೇರೆ: ಕಟ್ಟಿದ ಮೂಗು, ಸಾಲುಸಾಲು ಸೀನು, ನಡುರಾತ್ರಿಯ ಕೆಮ್ಮು, ಉಬ್ಬಸ. ಭಾರತದಲ್ಲಿ ಆಸ್ತಮಾ ಇರುವವರ ಸಂಖ್ಯೆ ಸುಮಾರು 3.5 ಕೋಟಿ. ಕೈ ಚಾಚಿ ಒಬ್ಬರನ್ನೊಬ್ಬರು ಹಿಡಿದು ನಿಂತರೆ ಭೂಮಧ್ಯರೇಖೆಗೆ ಒಂದು ಸುತ್ತು ಬಂದೂ ಸಾಲು ಮುಗಿಯದು. ಈ ಒಂದು ಅಂಕಿ ಮಾತ್ರ ನನ್ನನ್ನು ಬೆಚ್ಚಿಬೀಳಿಸುತ್ತದೆ.

ಹಾಗಾದರೆ ಬೀಜಕಣ ಒಳಗೇ ಬರದಂತೆ ಮಾಡಬಹುದೆ? ಸಾಧ್ಯವೇ ಇಲ್ಲ. ಜಗತ್ತಿನ ಶಿಲೀಂಧ್ರಗಳು ವರ್ಷಕ್ಕೆ ಗಾಳಿಗೆ ತೂರುವ ಬೀಜಕಣಗಳು, ವಿಜ್ಞಾನಿಗಳ ಅಂದಾಜಿನಂತೆ, 5 ಕೋಟಿ ಟನ್. ಒಂದು ಕೋಟಿ ಆನೆಗಳ ತೂಕ! ಭೂಮಿಯ ಮೇಲೆ ಇಂದು ಉಳಿದಿರುವ ಆನೆಗಳೋ ಹೆಚ್ಚುಕಡಿಮೆ ಐದು ಲಕ್ಷ.

ತಡೆಯಬೇಕಾದದ್ದು ನೀರನ್ನು. ಒದ್ದೆ ಜಾಗ ಸಿಕ್ಕರೆ ಬೂಸ್ಟಿಗೆ 24ರಿಂದ 48 ಗಂಟೆ ಸಾಕು. ಆದ್ದರಿಂದ ಏಸಿ ಆರಿಸುವ ಮುಂಚೆ ಅರ್ಧ ಗಂಟೆ ಬರೀ ಫ್ಯಾನ್ ಓಡಿಸಿ, ಒಳಗೆ ಒಣಗಲಿ. 15 ದಿನಕ್ಕೊಮ್ಮೆ ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಏಸಿ ಹಾಕಿದ ಕೂಡಲೇ ಮುಗ್ಗಲು ವಾಸನೆ ಬಂದರೆ, ಬ್ಲೋವರಿನಲ್ಲಿ ಕಪ್ಪು ಚುಕ್ಕೆ ಕಂಡರೆ, ಫಿಲ್ಟರ್ ತೊಳೆದರೆ ಸಾಲದು. ಕಾಯಿಲ್, ಬ್ಲೋವರ್, ನೀರಿನ ತಟ್ಟೆ, ಡ್ರೈನ್ ಪೈಪ್ ನಾಲ್ಕನ್ನೂ ಬಿಚ್ಚಿ ಸರ್ವಿಸ್ ಮಾಡಿಸಬೇಕು. ಉಬ್ಬಸ ಬಿಡದಿದ್ದರೆ ಡಾಕ್ಟರಲ್ಲಿಗೇ ಹೋಗಬೇಕು.

ಇದೆಲ್ಲ ಒಂದೇ ಏಸಿಯ ಮಾತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2018ರಲ್ಲಿ ಲೆಕ್ಕ ಹಾಕಿದಾಗ ಜಗತ್ತಿನಲ್ಲಿದ್ದವು 160 ಕೋಟಿ. 2050ಕ್ಕೆ 560 ಕೋಟಿ ಎಂಬುದು ಅದರ ಅಂದಾಜು. ಭಾರತದ ಪಾಲೇ 100 ಕೋಟಿಗೂ ಮಿಗಿಲು! ಜಗತ್ತಿನಲ್ಲಿ ಅಷ್ಟಾಗಬೇಕಾದರೆ, ಹಳೆಯವಕ್ಕೆ ಬದಲಿಯೂ ಸೇರಿ, ಮೂವತ್ತು ವರ್ಷ ಬಿಡುವಿಲ್ಲದೆ ಸೆಕೆಂಡಿಗೆ 10 ಹೊಸ ಏಸಿ ಮಾರಾಟವಾಗಬೇಕು. ನೀವು ಒಮ್ಮೆ ಉಸಿರೆಳೆದು ಬಿಡುವ ನಾಲ್ಕು ಸೆಕೆಂಡಿನಲ್ಲಿ 40.